ಚರ್ಮವೈದ್ಯ ಚರಿತ್ರೆಯಲ್ಲಿ ಕಂಡವರು ಮತ್ತು ಹೆಸರು ಪಡೆದವರು

ದೇಹದ ಅವಯವಗಳಲ್ಲೆಲ್ಲ ಅತ್ಯಂತ ವಿಸ್ತಾರವಾದುದು ಚರ್ಮ. ಹೃದಯದ ಬೇನೆಯನ್ನಾಗಲಿ ಹೊಟ್ಟೆಯ ಹುಣ್ಣನ್ನಾಗಲಿ ಮನುಷ್ಯನು ಇತರರಿಗೆ ತಿಳಿಯದಂತೆ ಕೆಲಕಾಲ ಮುಚ್ಚಿಟ್ಟುಕೊಳ್ಳಬಲ್ಲನು. ಮುಖದ ಮೇಲಣ ಬಿಳಿಯ ಮಚ್ಚೆಯನ್ನು ಹಾಗೆ ಮುಚ್ಚಿಡಲಾಗದು. ವೈದ್ಯನು ನೋಡುವುದಕ್ಕೆ ಮೊದಲೇ ನೆರೆಹೊರೆಯವರು ಅದನ್ನು ನೋಡಿ ಒಂದು ಹೆಸರು ಕೊಟ್ಟಿರುತ್ತಾರೆ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಯಾವ ಊರಿಗೆ ಹೋದರೂ ಕಜ್ಜಿ, ಗಜಕರ್ಣ, ಇಸುಬು, ತೊನ್ನು, ಕುಷ್ಠ ಎಂಬ ಮಾತುಗಳು ಕೇಳಿಬರುತ್ತವೆ. ಇವುಗಳಲ್ಲಿ ಕೆಲವು ಹೆಸರುಗಳು ಔಷಧವನ್ನು ಹುಡುಕಲು ನೆರವಾಗುತ್ತವೆ. ಮತ್ತೆ ಕೆಲವು ಗೊತ್ತಾದ ಮದುವೆಯನ್ನು ಮುರಿಯುತ್ತವೆ, ಪಂಕ್ತಿಯಿಂದ ಎಬ್ಬಿಸುತ್ತವೆ, ಮನೆಯಿಂದ ಹೊರಗೆ ಹಾಕುತ್ತವೆ.

ನಾವು ಕಲಾ ಕಾಲೇಜಿನವರು. ವೈದ್ಯಶಾಸ್ತ್ರವು ನಮ್ಮ ಪಠ್ಯವಲ್ಲ. ಆದರೆ ಒಂದು ಶೋಧನೆಯನ್ನು ಮಾಡಿದವರು ಯಾರು, ಅದರ ಕೀರ್ತಿ ಸಂದುದು ಯಾರಿಗೆ, ಸಲ್ಲದೆ ಉಳಿದುದು ಯಾರಿಗೆ ಎಂಬುದು ಇತಿಹಾಸದ ಪ್ರಶ್ನೆಯೇ ಆಗಿದೆ. ಚರ್ಮವೈದ್ಯರ ಚರಿತ್ರೆಯನ್ನು ಈ ದೃಷ್ಟಿಯಿಂದ ಓದಿದಾಗ ಒಂದು ಸಂಗತಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ರೋಗದ ಗುಟ್ಟನ್ನು ಮೊದಲು ಕಂಡವರು ಒಬ್ಬರು, ಅದನ್ನು ವಿದ್ವಾಂಸರ ಮುಂದೆ ತೋರಿಸಿಕೊಟ್ಟವರು ಇನ್ನೊಬ್ಬರು, ಹೆಸರು ಪಡೆದವರು ಮತ್ತೊಬ್ಬರು. ಇವರೆಲ್ಲರ ಹಿಂದೆ ತನ್ನ ದೇಹವನ್ನೇ ಒಪ್ಪಿಸಿದ ರೋಗಿಯಿದ್ದಾನೆ. ಅವನ ಲೆಕ್ಕವನ್ನು ಇಟ್ಟವರು ಅತಿ ವಿರಳ. ಈ ಮಾತಿಗೆ ಕೆಲವು ನಿದರ್ಶನಗಳನ್ನು ಕೊಡುವುದೇ ಈ ಲೇಖನದ ಉದ್ದೇಶ.

ಕಜ್ಜಿಯ ಹುಳು

ತುರಿಕಜ್ಜಿಯು ರಕ್ತ ಕೆಟ್ಟುದರಿಂದ ಬರುವುದೆಂದು ಯುರೋಪಿನ ವೈದ್ಯರು ಬಹುಕಾಲ ನಂಬಿದ್ದರು. 1687ರಲ್ಲಿ ಇಟಲಿಯ ಬೊನೊಮೊ ಎಂಬ ಯುವವೈದ್ಯನು ರೆಡಿ ಎಂಬ ಪ್ರಸಿದ್ಧ ವಿಜ್ಞಾನಿಗೆ ಬರೆದ ಪತ್ರವೊಂದು ಪ್ರಕಟವಾಯಿತು. ಬಡ ಹೆಂಗಸರು ತಮ್ಮ ಮಕ್ಕಳ ಕೈಯ ಕಜ್ಜಿಯಿಂದ ಸೂಜಿಯ ಮೊನೆಯಲ್ಲಿ ಏನನ್ನೋ ತೆಗೆಯುವುದನ್ನು ಕಂಡು, ಆ ವಸ್ತುವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ ಅದೊಂದು ಜೀವಂತ ಹುಳುವಾಗಿತ್ತೆಂದು ಅವನು ಅದರಲ್ಲಿ ತಿಳಿಸಿದ್ದನು. ಚೆಸ್ಟೋನಿ ಎಂಬ ಔಷಧಿ ವ್ಯಾಪಾರಿಯು ಈ ಕೆಲಸದಲ್ಲಿ ಅವನ ಜೊತೆಗಾರನಾಗಿದ್ದನು. ಬೊನೊಮೊ ತೀರಿಕೊಂಡ ಮೇಲೆ, 1710ರಲ್ಲಿ, ಆ ಪತ್ರವನ್ನು ಬರೆದವನು ತಾನೇ ಎಂದು ಚೆಸ್ಟೋನಿಯು ಹೇಳಿಕೊಂಡನು. ಕೀರ್ತಿಯ ಈ ಹಂಚಿಕೆಯಲ್ಲಿ ಇಬ್ಬರು ಗಂಡಸರ ಹೆಸರು ಉಳಿಯಿತು. ಸೂಜಿ ಹಿಡಿದಿದ್ದ ಹೆಂಗಸರಲ್ಲಿ ಒಬ್ಬಳ ಹೆಸರೂ ಉಳಿಯಲಿಲ್ಲ.

ವಿಚಿತ್ರವೆಂದರೆ, ಇಷ್ಟು ಸ್ಪಷ್ಟವಾಗಿ ಕಂಡುದನ್ನೂ ವೈದ್ಯಲೋಕವು ಮರೆತುಬಿಟ್ಟಿತು. 1812ರಲ್ಲಿ ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯ ಗಾಲೆಸ್ ಎಂಬವನು ತಾನು ನೂರಾರು ಹುಳುಗಳನ್ನು ಕಂಡುದಾಗಿ ಪ್ರೌಢಪ್ರಬಂಧವನ್ನೇ ಬರೆದನು. ಅವನು ಬರೆಯಿಸಿದ ಚಿತ್ರ ಕಜ್ಜಿಯ ಹುಳುವಿನದಲ್ಲ, ಹಳಸಿದ ಚೀಸಿನಲ್ಲಿ ಸಿಕ್ಕುವ ಹುಳುವಿನದೆಂದು ಮುಂದೆ ರಾಸ್ಪೈಲ್ ಎಂಬ ವಿಜ್ಞಾನಿ ತೋರಿಸಿದನು. ವೈದ್ಯರಿಗೆ ಇದರಿಂದ ಎಂಥ ಬೇಸರವಾಯಿತೆಂದರೆ, ನಿಜವಾದ ಹುಳುವನ್ನು ತೋರಿಸಿದವರಿಗೆ 300 ಫ್ರಾಂಕ್ ಕೊಡುವುದಾಗಿ ಲುಗೋಲ್ ಎಂಬ ವೈದ್ಯನು ಪಣವೊಡ್ಡಿದನು.

ಆ ಪಣವನ್ನು ಗೆದ್ದವನು ಒಬ್ಬ ವಿದ್ಯಾರ್ಥಿ. ಕಾರ್ಸಿಕಾ ದ್ವೀಪದಿಂದ ಪ್ಯಾರಿಸ್ಸಿಗೆ ವೈದ್ಯಶಾಸ್ತ್ರ ಕಲಿಯಲು ಬಂದಿದ್ದ ರೆನುಚ್ಚಿ ಎಂಬವನು 1834ರ ಆಗಸ್ಟ್ 13ರಂದು ಗುರುಗಳೆಲ್ಲ ನೋಡುತ್ತಿರುವಂತೆಯೇ ರೋಗಿಯ ಕೈಯಿಂದ ಹುಳುವನ್ನು ಸೂಜಿಯಲ್ಲಿ ಎತ್ತಿ ತೋರಿಸಿದನು. ಈ ಕೌಶಲವನ್ನು ಅವನು ಕಲಿತುದು ಕಾಲೇಜಿನಲ್ಲಲ್ಲ. ತನ್ನ ನಾಡಿನ ಹಳ್ಳಿಯ ಹೆಂಗಸರಿಂದ. ವೈದ್ಯರು ನೀರುಗುಳ್ಳೆಯೊಳಗೆ ಹುಳುವನ್ನು ಹುಡುಕುತ್ತಿದ್ದರು. ಹುಳುವಾದರೋ ಗುಳ್ಳೆಯಲ್ಲಿರದೆ, ಚರ್ಮದೊಳಗೆ ತಾನು ಕೊರೆದ ಸಣ್ಣ ಬಿಲದ ಕೊನೆಯಲ್ಲಿ ಇರುತ್ತದೆ. ಈ ಒಂದು ಅಂಗುಲದೊಳಗಿನ ವ್ಯತ್ಯಾಸವು ವಿದ್ವಾಂಸರಿಗೆ ತಿಳಿದಿರಲಿಲ್ಲ, ಹಳ್ಳಿಯ ಹೆಂಗಸರಿಗೆ ತಿಳಿದಿತ್ತು.

ಅನಂತರ ವಿಯೆನ್ನಾದ ಹೆಬ್ರಾ ಎಂಬ ಮಹಾ ಚರ್ಮವೈದ್ಯನು ಈ ಹುಳುಗಳನ್ನು ತನ್ನ ಮೈಮೇಲೆಯೇ ಬಿಟ್ಟುಕೊಂಡು ಪರೀಕ್ಷಿಸಿ, ಕಜ್ಜಿಗೆ ಹುಳುವೇ ಕಾರಣವೆಂದು 1844ರಲ್ಲಿ ವಿವರವಾಗಿ ಬರೆದನು. ರೋಗಕ್ಕೆ ಕಣ್ಣಿಗೆ ಕಾಣುವ ಹೊರಗಿನ ಕಾರಣವೊಂದಿರಬಹುದೆಂಬ ಭಾವನೆಯು ವೈದ್ಯಶಾಸ್ತ್ರದಲ್ಲಿ ಬೇರೂರಲು ಈ ಕಜ್ಜಿಯ ಹುಳು ಬಹಳ ಸಹಾಯ ಮಾಡಿತು. ನಮಗೆ ಇದರಿಂದ ದೊರೆಯುವ ಪ್ರಯೋಜನ ಇಷ್ಟು: ಹುಳು ಒಬ್ಬರಿಂದೊಬ್ಬರಿಗೆ ಹತ್ತುವುದರಿಂದ, ಮನೆಯಲ್ಲಿ ಒಬ್ಬರಿಗೆ ಕಜ್ಜಿಯಾದರೆ ಮನೆಮಂದಿಯೆಲ್ಲ ಒಂದೇ ಸಲ ಔಷಧ ಹಚ್ಚಿಕೊಳ್ಳಬೇಕು, ಬಟ್ಟೆಬರೆ ಹಾಸಿಗೆಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು. ಒಬ್ಬರೇ ಹಚ್ಚಿಕೊಂಡರೆ ಕಜ್ಜಿ ಮನೆಯನ್ನು ಬಿಡುವುದಿಲ್ಲ.

ಬರ್ಗೆನ್ನಿನ ವೈದ್ಯ

ಕುಷ್ಠವೆಂಬ ಮಾತು ನಮ್ಮ ಪ್ರಾಚೀನ ವೈದ್ಯಗ್ರಂಥಗಳಲ್ಲಿ ಈಗಿನ ಅರ್ಥದಲ್ಲಿ ಬಂದಿಲ್ಲ. ಚರಕ ಸುಶ್ರುತರು 7 ಮಹಾಕುಷ್ಠ, 11 ಕ್ಷುದ್ರಕುಷ್ಠ, ಒಟ್ಟು 18 ಬಗೆಗಳನ್ನು ಎಣಿಸಿದ್ದಾರೆ. ಅಂದರೆ ಚರ್ಮರೋಗಗಳ ಒಂದು ದೊಡ್ಡ ಕುಟುಂಬಕ್ಕೇ ಅದು ಹೆಸರಾಗಿತ್ತು. ತೊನ್ನನ್ನು ಅವರು ಶ್ವಿತ್ರ, ಕಿಲಾಸ ಎಂಬ ಬೇರೆ ಹೆಸರುಗಳಿಂದ ಕರೆದರು. ಕಾಲಾಂತರದಲ್ಲಿ ಜನರ ಬಾಯಲ್ಲಿ ಈ ಭೇದ ಅಳಿದು, ತೊನ್ನಿಗೂ ‘ಬಿಳಿ ಕುಷ್ಠ’ವೆಂಬ ಹೆಸರು ಅಂಟಿತು. ತೊನ್ನು ಯಾರಿಂದಲೂ ಯಾರಿಗೂ ಹತ್ತುವ ರೋಗವಲ್ಲ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳು ನಾಶವಾದುದರಿಂದ ಆಗುವ ಮಚ್ಚೆ ಅಷ್ಟೆ. ಆದರೂ ತಪ್ಪು ಹೆಸರಿನ ದೆಸೆಯಿಂದ ಎಷ್ಟೋ ಹೆಣ್ಣುಮಕ್ಕಳು ಕುಷ್ಠದ ಅವಮಾನವನ್ನು ಅನುಭವಿಸಿದ್ದಾರೆ.

ನಿಜವಾದ ಕುಷ್ಠದ ಕಾರಣವನ್ನು ಕಂಡುಹಿಡಿದವನು ನಾರ್ವೆ ದೇಶದ ಹ್ಯಾನ್ಸನ್ (1841-1912). ಆ ದೇಶದ ಪಶ್ಚಿಮ ತೀರದ ಬಡ ರೈತರಲ್ಲಿಯೂ ಬೆಸ್ತರಲ್ಲಿಯೂ ಆಗ ಕುಷ್ಠ ಬಹಳವಾಗಿತ್ತು. ಬರ್ಗೆನ್ ಪಟ್ಟಣದ ಡಾನಿಯೆಲ್ಸೆನ್ ಎಂಬ ಹಿರಿಯ ವೈದ್ಯನು ಬೆಕ್ ಎಂಬ ಚರ್ಮವೈದ್ಯನೊಡನೆ 1847ರಲ್ಲಿ ಕುಷ್ಠವನ್ನು ಕುರಿತು ದೊಡ್ಡ ಗ್ರಂಥವನ್ನು ಹೊರತಂದಿದ್ದನು. ಅದು ವಂಶಪಾರಂಪರ್ಯವಾಗಿ ಬರುವ ರೋಗವೆಂದು ಅವರ ಮತ. ಅದು ಹತ್ತುವುದಿಲ್ಲವೆಂಬ ನಂಬಿಕೆಯಿಂದ ಡಾನಿಯೆಲ್ಸೆನ್ನನು ರೋಗಿಯ ಗಂಟಿನ ಅಂಶವನ್ನು ತನ್ನ ಮೈಯಲ್ಲಿಯೇ ಸೇರಿಸಿಕೊಂಡು ಪರೀಕ್ಷಿಸಿದ್ದನು. ಅವನ ಕೈಕೆಳಗೆ ಕೆಲಸಕ್ಕೆ ಸೇರಿ, ಮುಂದೆ ಅವನ ಅಳಿಯನೂ ಆದ ಹ್ಯಾನ್ಸನ್ನನು ಆ ಮತವನ್ನು ಒಪ್ಪಲಿಲ್ಲ. ನಾರ್ವೆ ಸರ್ಕಾರವು 1856ರಿಂದ ಕುಷ್ಠರೋಗಿಗಳ ಹೆಸರು, ಊರು, ಮನೆತನಗಳ ದಾಖಲೆಯನ್ನಿಟ್ಟಿತ್ತು. ಆ ದಾಖಲೆಯನ್ನು ಓದಿ ಮನೆಮನೆಗೆ ತಿರುಗಿದ ಹ್ಯಾನ್ಸನ್ನನಿಗೆ ರೋಗವು ರಕ್ತಸಂಬಂಧಕ್ಕಿಂತ ಹೆಚ್ಚಾಗಿ ಸಹವಾಸವನ್ನು ಅನುಸರಿಸುವುದು ಕಂಡಿತು. 1873ರ ಫೆಬ್ರವರಿ 28ರಂದು ರೋಗಿಯೊಬ್ಬನ ಗಂಟಿನಿಂದ ತೆಗೆದ ದ್ರವದಲ್ಲಿ ಕಡ್ಡಿಯಾಕಾರದ ಸೂಕ್ಷ್ಮಜೀವಿಗಳನ್ನು ಅವನು ನೋಡಿದನು, ಮರುವರ್ಷ ಪ್ರಕಟಿಸಿದನು. ಮನುಷ್ಯನ ದೀರ್ಘಕಾಲಿಕ ರೋಗವೊಂದಕ್ಕೆ ಬ್ಯಾಕ್ಟೀರಿಯವೇ ಕಾರಣವಿರಬೇಕೆಂದು ಹೇಳಿದವರಲ್ಲಿ ಅವನು ಮೊದಲಿಗನು. ಕ್ಷಯದ ಬ್ಯಾಕ್ಟೀರಿಯವನ್ನು ಕಾಕ್‌ನು ಕಂಡುದು ಇದಕ್ಕೆ 9 ವರ್ಷಗಳ ಅನಂತರ, 1882ರಲ್ಲಿ.

ಕೀರ್ತಿಯು ಸುಲಭವಾಗಿ ಬರಲಿಲ್ಲ. 1879ರಲ್ಲಿ ಜರ್ಮನಿಯಿಂದ ನೈಸರ್ ಎಂಬ ತರುಣ ಚರ್ಮವೈದ್ಯನು ಬರ್ಗೆನ್ನಿಗೆ ಬಂದನು. ಹ್ಯಾನ್ಸನ್ನನು ಧಾರಾಳವಾಗಿ ತನ್ನಲ್ಲಿದ್ದ ಮಾದರಿಗಳನ್ನು ಅವನಿಗೆ ಕೊಟ್ಟನು. ನೈಸರನು ಊರಿಗೆ ಮರಳಿ, ಹೊಸ ಬಣ್ಣಗಳಿಂದ ಅವುಗಳಲ್ಲಿನ ಸೂಕ್ಷ್ಮಜೀವಿಗಳನ್ನು ಚೆನ್ನಾಗಿ ಕಾಣುವಂತೆ ಮಾಡಿ, ಶೋಧನೆ ತನ್ನದೆಂಬಂತೆ ಪ್ರಕಟಿಸಿದನು. ಬಣ್ಣ ಹಾಕಿ ತೋರಿಸಿದುದು ನೈಸರನ ಕೆಲಸವೆಂಬುದು ನಿಜ; ಮೊದಲು ಕಂಡುದು ಹ್ಯಾನ್ಸನ್ನನೆಂಬುದೂ ನಿಜ. ವಾದ ಬಹುಕಾಲ ನಡೆಯಿತು. 1901ರಲ್ಲಿ ಬರ್ಗೆನ್ನಿನಲ್ಲಿ ಹ್ಯಾನ್ಸನ್ನನ ಪ್ರತಿಮೆ ಸ್ಥಾಪನೆಯಾಯಿತು. 1909ರಲ್ಲಿ ಅದೇ ಊರಿನಲ್ಲಿ ನಡೆದ ಎರಡನೆಯ ಅಂತರರಾಷ್ಟ್ರೀಯ ಕುಷ್ಠ ಸಮ್ಮೇಳನಕ್ಕೆ ಅವನೇ ಅಧ್ಯಕ್ಷನಾದನು. ಈ ರೋಗಕ್ಕೆ ಹ್ಯಾನ್ಸನ್ ರೋಗವೆಂಬ ಹೆಸರು ಪ್ರಚಾರಕ್ಕೆ ಬಂದಿದೆ.

ಇಲ್ಲಿಗೆ ಕಥೆಯನ್ನು ಮುಗಿಸಿದರೆ ಅದು ಬರಿಯ ವಿಜಯಗಾಥೆಯಾಗುತ್ತದೆ. 1879ರ ನವೆಂಬರಿನಲ್ಲಿ ಹ್ಯಾನ್ಸನ್ನನು ತನ್ನ ಆಸ್ಪತ್ರೆಯ ಕಾರಿ ನೀಲ್ಸ್‌ದಾಟರ್ ಎಂಬ ರೋಗಿಯ ಕಣ್ಣಿನಲ್ಲಿ ಮತ್ತೊಬ್ಬ ರೋಗಿಯ ಗಂಟಿನ ಅಂಶವನ್ನು ಚುಚ್ಚಿ ಸೇರಿಸಿದನು. ರೋಗ ಹತ್ತುವುದೆಂದು ಸಿದ್ಧಪಡಿಸುವುದು ಅವನ ಉದ್ದೇಶ. ಆಕೆಯನ್ನು ಅವನು ಕೇಳಿರಲಿಲ್ಲ, ಆಕೆ ಒಪ್ಪಿರಲಿಲ್ಲ. ಸಂಗತಿಯು ನ್ಯಾಯಾಲಯಕ್ಕೆ ಹೋಗಿ, 1880ರಲ್ಲಿ ಹ್ಯಾನ್ಸನ್ನನು ಆ ಆಸ್ಪತ್ರೆಯ ವೈದ್ಯಪದವಿಯನ್ನು ಕಳೆದುಕೊಂಡನು. ದೇಶದ ಕುಷ್ಠ ವಿಭಾಗದ ಮುಖ್ಯಾಧಿಕಾರವು ಮಾತ್ರ ಅವನಲ್ಲಿ ಉಳಿಯಿತು. ಅವನ ಪ್ರತಿಸ್ಪರ್ಧಿಯಾದ ನೈಸರನೂ ಅಸಹಾಯ ಹೆಂಗಸರ ಮೇಲೆ ಅವರಿಗೆ ತಿಳಿಸದೆ ಉಪದಂಶದ ಪ್ರಯೋಗ ನಡೆಸಿ ಮುಂದೆ ದಂಡ ತೆತ್ತನು. ಆ ಪ್ರಕರಣದ ಫಲವಾಗಿಯೇ 1900ರಲ್ಲಿ ಪ್ರಷ್ಯಾ ಸರ್ಕಾರವು ರೋಗಿಯ ಒಪ್ಪಿಗೆಯಿಲ್ಲದೆ ಪ್ರಯೋಗ ಮಾಡಕೂಡದೆಂದು ಆಜ್ಞೆ ಹೊರಡಿಸಿತು. ಹ್ಯಾನ್ಸನ್ನನ ಹೆಸರನ್ನು ನೆನೆಯುವಾಗ ಕಾರಿಯ ಹೆಸರನ್ನೂ ನೆನೆಯುವುದು ನ್ಯಾಯ.

ಮುಂಬಯಿ ಇಲಾಖೆಯಲ್ಲಿ

ಇದೇ ಕಾಲದಲ್ಲಿ ನಮ್ಮ ನಾಡಿನ ಸ್ಥಿತಿ ಏನಿತ್ತು? ಹಾನಗಲ್ಲ ತಾಲೂಕು, ಶಿಗ್ಗಾವಿಯನ್ನು ಮುಖ್ಯ ಠಾಣೆಯಾಗುಳ್ಳ ಬಂಕಾಪುರ ತಾಲೂಕು, ಹಿರೇಕೆರೂರನ್ನು ಮುಖ್ಯ ಠಾಣೆಯಾಗುಳ್ಳ ಕೋಡ ತಾಲೂಕು, ಇವೆಲ್ಲ ಆಗ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದವು. ಸವಣೂರು ನವಾಬರ ಸಂಸ್ಥಾನವಾಗಿತ್ತು. ಇಲಾಖೆಗೆಲ್ಲ ವೈದ್ಯವಿದ್ಯೆಯ ಕೇಂದ್ರವೆಂದರೆ ಮುಂಬಯಿಯ ಗ್ರಾಂಟ್ ವೈದ್ಯಕೀಯ ಕಾಲೇಜು. 1858ರಲ್ಲಿ ಅಲ್ಲಿಗೆ ಅಧ್ಯಾಪಕನಾಗಿ ಬಂದವನು ಹೆನ್ರಿ ವಾಂಡೈಕ್ ಕಾರ್ಟರ್ (1831-1897).

ಜಗತ್ತಿನ ವೈದ್ಯ ವಿದ್ಯಾರ್ಥಿಗಳೆಲ್ಲ ಬಲ್ಲ ‘ಗ್ರೇಸ್ ಅನಾಟಮಿ’ಯ ಮೊದಲನೆಯ ಮುದ್ರಣದ ಚಿತ್ರಗಳನ್ನು ಬರೆದವನು ಈ ಕಾರ್ಟರನೇ. ಪುಸ್ತಕವು ಗ್ರೇ ಎಂಬವನ ಹೆಸರಿನಲ್ಲಿ ಪ್ರಸಿದ್ಧವಾಯಿತು. ಮುಖಪುಟದ ಕರಡಿನಲ್ಲಿ ಕಾರ್ಟರನ ಹೆಸರು ತನ್ನ ಹೆಸರಿನಷ್ಟೇ ದೊಡ್ಡದಾಗಿರುವುದನ್ನು ಕಂಡು ಗ್ರೇ ಅದನ್ನು ಚಿಕ್ಕ ಅಕ್ಷರಗಳಲ್ಲಿ ಹಾಕಿಸಿದನು. ಗ್ರೇಗೆ ಮಾರಾಟದ ಮೇಲೆ ಗೌರವಧನ ದೊರೆಯುತ್ತಿತ್ತು. ಕಾರ್ಟರನಿಗೆ ಒಂದೇ ಸಲ ಕೊಟ್ಟ 150 ಪೌಂಡುಗಳೇ ಎಲ್ಲ.

ಹೀಗೆ ಹೆಸರು ತಪ್ಪಿಸಿಕೊಂಡವನು ಭಾರತದಲ್ಲಿ ಮಾಡಿದ ಕೆಲಸ ಸಣ್ಣದಲ್ಲ. ಬರಿಗಾಲಲ್ಲಿ ಹೊಲ ತುಳಿಯುವ ರೈತನ ಅಂಗಾಲಿಗೆ ಮುಳ್ಳು ಚುಚ್ಚಿ, ವರ್ಷಗಟ್ಟಲೆಯಲ್ಲಿ ಪಾದವು ಬಾತು, ರಂಧ್ರಗಳಿಂದ ಕಪ್ಪು ಅಥವಾ ಬಿಳಿಯ ಕಾಳುಗಳು ಒಸರುವ ಒಂದು ರೋಗವುಂಟು. ಮದುರೆಯ ಸೀಮೆಯಲ್ಲಿ ಮೊದಲು ಗುರುತಿಸಲ್ಪಟ್ಟುದರಿಂದ ಅದಕ್ಕೆ ಮದುರಾ ಪಾದವೆಂದು ಹೆಸರು. ಗಾಯದೊಳಗೆ ಸೇರಿದ ಶಿಲೀಂಧ್ರವೇ ಅದಕ್ಕೆ ಕಾರಣವೆಂದು ಕಾರ್ಟರನು ಪ್ರತಿಪಾದಿಸಿ, 1874ರಲ್ಲಿ ಅದನ್ನು ಕುರಿತು ಗ್ರಂಥ ಬರೆದನು. ಕೆಲವು ಬಗೆಗಳಿಗೆ ಶಿಲೀಂಧ್ರವೂ ಕೆಲವಕ್ಕೆ ಬ್ಯಾಕ್ಟೀರಿಯವೂ ಕಾರಣವೆಂದು ಈಗ ತಿಳಿದಿದೆ. 1873ರಲ್ಲಿ ಅವನು ನಾರ್ವೆಗೆ ಹೋಗಿ ಅಲ್ಲಿನ ಕುಷ್ಠಾಲಯಗಳನ್ನು ನೋಡಿ ಬಂದು, ಭಾರತಕ್ಕೆ ಅದರಿಂದ ದೊರೆಯುವ ಪಾಠವೇನೆಂದು ವರದಿ ಮಾಡಿದನು. ರೋಗಿಗಳ ಲೆಕ್ಕವಿಡದೆ ರೋಗವನ್ನು ಗೆಲ್ಲಲಾಗದೆಂಬುದು ನಾರ್ವೆಯ ದಾಖಲೆಗಳು ಕಲಿಸಿದ ಪಾಠವಾಗಿತ್ತು.

ಗರುಡಫಲದ ಎಣ್ಣೆ

ಕಾರಣ ತಿಳಿದ ಮಾತ್ರಕ್ಕೆ ಔಷಧ ಸಿಕ್ಕಲಿಲ್ಲ. ಹಾನಗಲ್ಲಿನಿಂದ ಪಶ್ಚಿಮಕ್ಕೆ ಹೊರಟರೆ ಮುಂದೆ ಸಹ್ಯಾದ್ರಿಯ ಕಾಡು ಬರುತ್ತದೆ. ಅಲ್ಲಿನ ಹಳ್ಳಗಳ ಬದಿಯಲ್ಲಿ ಬೆಳೆಯುವ ಗರುಡಫಲದ ಬೀಜದ ಎಣ್ಣೆಯೂ, ಅದರ ಬಂಧುವಾದ ಪೂರ್ವ ಭಾರತದ ಚಾಲ್ಮೋಗ್ರದ ಎಣ್ಣೆಯೂ ಕುಷ್ಠಕ್ಕೆ ಮದ್ದೆಂದು ನಮ್ಮ ದೇಶದಲ್ಲಿ ಬಹುಕಾಲದಿಂದ ಬಳಕೆಯಲ್ಲಿದ್ದವು. ಚಾಲ್ಮೋಗ್ರವನ್ನು ಪಾಶ್ಚಾತ್ಯ ವೈದ್ಯರಿಗೆ 1854ರಲ್ಲಿ ಪರಿಚಯಿಸಿದವನೆಂದು ಕಲ್ಕತ್ತೆಯ ಮೌಯಟ್ ಎಂಬವನ ಹೆಸರು ಗ್ರಂಥಗಳಲ್ಲಿದೆ. ಅವನಿಗೆ ಅದನ್ನು ತಿಳಿಸಿದ ದೇಶೀಯ ವೈದ್ಯರ ಹೆಸರುಗಳು ಅಲ್ಲಿ ಕಾಣವು.

ಮುಂಬಯಿಯ ಡಾ. ಭಾವು ದಾಜಿ (1822-1874) ಅವರನ್ನು ನಮ್ಮ ಇತಿಹಾಸದ ವಿದ್ಯಾರ್ಥಿಗಳು ಶಾಸನಗಳನ್ನು ಓದಿದ ವಿದ್ವಾಂಸರೆಂದು ಬಲ್ಲರು. ಅವರು ವೈದ್ಯರೂ ಆಗಿದ್ದರು. ಈ ಜಾತಿಯ ಬೀಜದ ಎಣ್ಣೆಯಿಂದ ಕುಷ್ಠರೋಗಿಗಳಿಗೆ ಚಿಕಿತ್ಸೆ ಮಾಡಿ ಹೆಸರುವಾಸಿಯಾಗಿದ್ದರು. ಆದರೆ ಔಷಧದ ವಿವರಗಳನ್ನು ಪ್ರಕಟಿಸುವ ಮೊದಲೇ ತೀರಿಕೊಂಡರು. ಬರೆದಿಡದ ವಿದ್ಯೆಗೆ ಮನ್ನಣೆ ದೊರೆಯುವುದು ಕಷ್ಟ.

ಈ ಎಣ್ಣೆಯನ್ನು ಕುಡಿದರೆ ವಾಂತಿ. ಚುಚ್ಚಿದರೆ ಚರ್ಮದ ಕೆಳಗೆ ಕರಗದೆ ಗಂಟುಕಟ್ಟಿ ನೋವು. ಹವಾಯಿ ದ್ವೀಪದ ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಬೋಧಿಸುತ್ತಿದ್ದ ಆಲಿಸ್ ಬಾಲ್ (1892-1916) ಎಂಬ ಕರಿಯ ಜನಾಂಗದ ತರುಣಿಗೆ, ಹೋಲ್‌ಮನ್ ಎಂಬ ವೈದ್ಯನು ಈ ತೊಡಕನ್ನು ಬಿಡಿಸಲು ಕೇಳಿಕೊಂಡನು. ಆಕೆ ಎಣ್ಣೆಯ ಆಮ್ಲಗಳನ್ನು ಈಥೈಲ್ ಎಸ್ಟರುಗಳಾಗಿ ಮಾರ್ಪಡಿಸಿ, ದೇಹವು ಹೀರಿಕೊಳ್ಳುವಂಥ ಚುಚ್ಚುಮದ್ದನ್ನು ಸಿದ್ಧಮಾಡಿದಳು. ಅದನ್ನು ಪ್ರಕಟಿಸುವ ಮೊದಲೇ, ತನ್ನ 24ನೆಯ ವಯಸ್ಸಿನಲ್ಲಿ, ಮರಣಹೊಂದಿದಳು. ಕಾಲೇಜಿನ ಮುಖ್ಯಸ್ಥನಾದ ಡೀನ್ ಎಂಬವನು ಆ ಕೆಲಸವನ್ನು ಮುಂದುವರಿಸಿ, ಆಕೆಯ ಹೆಸರನ್ನೆತ್ತದೆಯೇ ಪ್ರಕಟಿಸಿದನು. 1922ರಲ್ಲಿ ಹೋಲ್‌ಮನ್ನನು ತನ್ನ ಲೇಖನದಲ್ಲಿ ಅದನ್ನು ‘ಬಾಲ್ ವಿಧಾನ’ವೆಂದು ಕರೆದು ಸತ್ಯವನ್ನು ದಾಖಲಿಸಿದನು. ಹವಾಯಿ ವಿಶ್ವವಿದ್ಯಾಲಯವು ತನ್ನ ಆವರಣದ ಚಾಲ್ಮೋಗ್ರ ಮರದ ಕೆಳಗೆ ಆಕೆಯ ಹೆಸರಿನ ಫಲಕವಿಟ್ಟುದು 2000ದಲ್ಲಿ.

ಸಲ್ಫೋನ್ ಔಷಧಗಳು ಬಂದ ಮೇಲೆ ಎಣ್ಣೆಯ ಕಾಲ ಮುಗಿಯಿತು. 1941ರಲ್ಲಿ ಅಮೆರಿಕದ ಕಾರ್ವಿಲ್ ಆಸ್ಪತ್ರೆಯಲ್ಲಿ ಫಾಜೆ ಎಂಬ ವೈದ್ಯನು ಪ್ರೋಮಿನ್ ಔಷಧವನ್ನು ಪ್ರಯೋಗಿಸಿದನು. ಅನಂತರ ಮದ್ರಾಸಿನ ಹತ್ತಿರದ ಚೆಂಗಲ್ಪಟ್ಟಿನಲ್ಲಿ ಕಾಕ್ರೇನನು ಡ್ಯಾಪ್ಸೋನನ್ನು ಬಳಸಿದನು. 1908ರಲ್ಲಿಯೇ ಜರ್ಮನಿಯಲ್ಲಿ ತಯಾರಾಗಿದ್ದ ಈ ವಸ್ತುವು ಕುಷ್ಠರೋಗಿಯನ್ನು ತಲುಪಲು ಸುಮಾರು 40 ವರ್ಷ ಹಿಡಿಯಿತು. ಡ್ಯಾಪ್ಸೋನಿಗೆ ಬಗ್ಗದ ಬ್ಯಾಕ್ಟೀರಿಯಗಳು ಹುಟ್ಟಿಕೊಂಡಾಗ, 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಮಂಡಲಿಯು ಹಲವು ಔಷಧಗಳನ್ನು ಕೂಡಿಸಿ ಕೊಡುವ ಬಹು ಔಷಧ ಚಿಕಿತ್ಸೆಯನ್ನು ಸೂಚಿಸಿತು. ಈಗ ಕುಷ್ಠವು 6 ಅಥವಾ 12 ತಿಂಗಳ ಮಾತ್ರೆಗಳಿಂದ ಪೂರ್ಣವಾಗಿ ವಾಸಿಯಾಗುವ ರೋಗ. ಮಾತ್ರೆಗಳು ಸರ್ಕಾರಿ ಆಸ್ಪತ್ರೆಗಳಲ್ಲಿ ಬೆಲೆಯಿಲ್ಲದೆ ದೊರೆಯುತ್ತವೆ.

ಬೆಳಕು ಮತ್ತು ಬಾವಂಚಿ

ಚರ್ಮರೋಗದ ಚಿಕಿತ್ಸೆಗಾಗಿ ನೊಬೆಲ್ ಪಾರಿತೋಷಕವನ್ನು ಪಡೆದವನು ಡೆನ್ಮಾರ್ಕಿನ ಫಿನ್ಸೆನ್. ಚರ್ಮದ ಕ್ಷಯವನ್ನು ಬಲವಾದ ಬೆಳಕಿನ ಕಿರಣಗಳಿಂದ ಗುಣಪಡಿಸಬಹುದೆಂದು ತೋರಿಸಿದುದಕ್ಕಾಗಿ 1903ರಲ್ಲಿ ಅವನಿಗೆ ಅದು ದೊರೆಯಿತು. ತಾನೇ ಕಠಿನ ರೋಗದಿಂದ ನರಳುತ್ತಿದ್ದ ಅವನು ಮರುವರ್ಷವೇ ತೀರಿಕೊಂಡನು.

ಆದರೆ ಬೆಳಕನ್ನು ಔಷಧವಾಗಿ ಬಳಸುವ ಪದ್ಧತಿ ನಮ್ಮಲ್ಲಿ ಹಿಂದಿನಿಂದಲೂ ಇತ್ತು. ತೊನ್ನಿಗೆ ಬಾವಂಚಿಯ ಬೀಜವನ್ನು ಅರೆದು ಹಚ್ಚಿ ಬಿಸಿಲಿಗೆ ಮೈಯೊಡ್ಡುವುದು ಆಯುರ್ವೇದದ ಕ್ರಮ. ಆ ಬೀಜದಲ್ಲಿ ಕೆಲಸ ಮಾಡುವ ವಸ್ತು ಯಾವುದು? ಇದಕ್ಕೆ ಉತ್ತರ ಕೊಟ್ಟವರು ನಮ್ಮ ಕರ್ನಾಟಕದವರೇ ಎಂಬುದು ಎಷ್ಟು ಜನರಿಗೆ ಗೊತ್ತು? ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ರಸಾಯನಶಾಸ್ತ್ರಜ್ಞರಾದ ಜೋಯಿಸ್, ಬಿ. ಎಲ್. ಮಂಜುನಾಥ್, ವೆಂಕಟರಾವ್ ಅವರು ಬಾವಂಚಿಯ ಬೀಜದಿಂದ ಸೊರಾಲೆನ್ ಎಂಬ ವಸ್ತುವನ್ನು ಬೇರ್ಪಡಿಸಿ, 1933ರಲ್ಲಿ ಭಾರತೀಯ ರಸಾಯನಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು.

ಮುಂದಿನ ಕಥೆ ನಡೆದುದು ಬೇರೆ ಕಡೆ. ಈಜಿಪ್ಟಿನ ಕಾಡುಗಿಡವೊಂದರಿಂದ ಇದೇ ಕುಟುಂಬದ ವಸ್ತುವು ದೊರೆತು, ಕೈರೋದ ಚರ್ಮವೈದ್ಯನಾದ ಎಲ್ ಮೊಫ್ತಿಯು 1948ರಲ್ಲಿ ತೊನ್ನಿನ ರೋಗಿಗಳಿಗೆ ಅದನ್ನು ಕೊಟ್ಟ ಫಲವನ್ನು ಪ್ರಕಟಿಸಿದನು. 1974ರಲ್ಲಿ ಅಮೆರಿಕದ ಹಾರ್ವರ್ಡಿನ ವೈದ್ಯರು, ಸೊರಾಲೆನ್ ಮಾತ್ರೆಯ ಮೇಲೆ ಅತಿನೇರಳೆ ಕಿರಣಗಳನ್ನು ಹಾಯಿಸುವ ‘ಪುವಾ’ ಚಿಕಿತ್ಸೆಯನ್ನು ಸೋರಿಯಾಸಿಸ್ ರೋಗಕ್ಕೆ ಬಳಸಿ ಜಗತ್ಪ್ರಸಿದ್ಧರಾದರು. ಆ ನಾಲ್ವರಲ್ಲಿ ಮಧು ಪಾಠಕ್ ಎಂಬ ಭಾರತೀಯ ಮೂಲದ ವಿಜ್ಞಾನಿಯೂ ಇದ್ದರು. ಈ ವಸ್ತುವಿನ ಹೆಸರು ಬಾವಂಚಿಯ ಸಸ್ಯಶಾಸ್ತ್ರೀಯ ನಾಮದಿಂದಲೇ ಬಂದಿದೆ. ಆದರೆ ಅದನ್ನು ಬೀಜದಿಂದ ಹೊರತೆಗೆದ ಮೂವರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಕಾಣುವುದಿಲ್ಲ. ಅವರು ವೈದ್ಯರಾಗಿರಲಿಲ್ಲ, ರೋಗಿಗೂ ಅವರಿಗೂ ನಡುವೆ ಬಹಳ ದೂರವಿತ್ತು. ಕೀರ್ತಿಯು ಸಾಮಾನ್ಯವಾಗಿ ದಾರಿಯ ಕೊನೆಯ ಹೆಜ್ಜೆಯಿಟ್ಟವನಿಗೆ ಸಲ್ಲುತ್ತದೆ. ಒಂದು ಎಚ್ಚರಿಕೆಯ ಮಾತನ್ನೂ ಇಲ್ಲಿ ಹೇಳಬೇಕು: ಬಾವಂಚಿಯನ್ನು ಹಚ್ಚಿ ಹೆಚ್ಚು ಹೊತ್ತು ಬಿಸಿಲಲ್ಲಿ ನಿಂತರೆ ಚರ್ಮ ಸುಟ್ಟು ಬೊಬ್ಬೆ ಬರುತ್ತದೆ. ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು.

ಭಾರತೀಯ ವೈದ್ಯರಿಗೆ ತಮ್ಮ ಅನುಭವವನ್ನು ಅಚ್ಚಿನಲ್ಲಿಡಲು ಒಂದು ಸ್ಥಳ ಬೇಕಾಗಿತ್ತು. 1935ರಲ್ಲಿ ಡಾ. ಯು. ಬಿ. ನಾರಾಯಣರಾವ್ ಅವರು ಮುಂಬಯಿಯಲ್ಲಿ ಗುಹ್ಯರೋಗಗಳ ಪತ್ರಿಕೆಯೊಂದನ್ನು ಆರಂಭಿಸಿದರು. ಅದೇ ಮುಂದೆ ಬೆಳೆದು ಭಾರತದ ಚರ್ಮವೈದ್ಯರ ಮುಖ್ಯ ಪತ್ರಿಕೆಯಾಯಿತು. ಮೈಯೆಲ್ಲ ಬೊಬ್ಬೆಯೆದ್ದು ಪ್ರಾಣಕ್ಕೇ ಕುತ್ತು ತರುವ ಪೆಂಫಿಗಸ್ ರೋಗಕ್ಕೆ ದೆಹಲಿಯ ಡಾ. ಜೆ. ಎಸ್. ಪಸ್ರೀಚಾ ಅವರು ರೂಪಿಸಿದ, ತಿಂಗಳಿಗೊಮ್ಮೆ ಹೆಚ್ಚಿನ ಪ್ರಮಾಣದ ಔಷಧವನ್ನು ಕೊಡುವ ಪದ್ಧತಿಯು 1984ರಲ್ಲಿ ಈ ಪತ್ರಿಕೆಯಲ್ಲಿಯೇ ಬೆಳಕು ಕಂಡಿತು. ಅದು ಅವರ ಹೆಸರಿನೊಡನೆಯೇ ವೈದ್ಯರಲ್ಲಿ ಪ್ರಚಾರ ಪಡೆಯಿತು. ನಮ್ಮ ನೆಲದಲ್ಲಿ ಕಂಡುದನ್ನು ನಮ್ಮ ಪತ್ರಿಕೆಯಲ್ಲಿ ಬರೆದೂ ಮನ್ನಣೆ ಪಡೆಯಬಹುದೆಂಬುದಕ್ಕೆ ಇದು ಸಾಕ್ಷಿ.

ರೋಗಿಗೆ ಸಲ್ಲಬೇಕಾದುದು

ವೈದ್ಯರ ಮನ್ನಣೆಯ ಮಾತು ಸಾಕು. ರೋಗಿಯ ಮನ್ನಣೆಯನ್ನು ನೋಡೋಣ. ನಿರ್ಗತಿಕ ಕುಷ್ಠರೋಗಿಗಳನ್ನು ಹಿಡಿದು ಕೂಡಿಹಾಕಲು ಅವಕಾಶ ಕೊಟ್ಟಿದ್ದ 1898ರ ಕಾಯಿದೆಯು ನಮ್ಮ ದೇಶದಲ್ಲಿ ರದ್ದಾದುದು 2016ರಲ್ಲಿ. ಗಂಡ ಅಥವಾ ಹೆಂಡತಿಗೆ ಕುಷ್ಠವಿದ್ದರೆ ವಿಚ್ಛೇದನ ಕೇಳಬಹುದೆಂಬ ನಿಯಮವು ಹಿಂದೂ, ಮುಸ್ಲಿಂ, ಕ್ರೈಸ್ತ ವಿವಾಹ ಕಾನೂನುಗಳಿಂದ ತೆಗೆದುಹಾಕಲ್ಪಟ್ಟುದು 2019ರಲ್ಲಿ. ರೋಗವನ್ನು ಪೂರ್ಣವಾಗಿ ವಾಸಿಮಾಡುವ ಚಿಕಿತ್ಸೆ 1981ರಲ್ಲಿಯೇ ಸಿದ್ಧವಾಗಿತ್ತು. ಅಂದರೆ ವಿಜ್ಞಾನವು ಒಪ್ಪಿದುದನ್ನು ಕಾನೂನು ಒಪ್ಪಲು 38 ವರ್ಷ ಬೇಕಾಯಿತು. ಊರು ಒಪ್ಪಲು ಇನ್ನೆಷ್ಟು ವರ್ಷ ಬೇಕು?

ಇದು ನಮಗೆ ದೂರದ ಪ್ರಶ್ನೆಯಲ್ಲ. 2005ರ ಡಿಸೆಂಬರಿನಲ್ಲಿ ಭಾರತವು ಕುಷ್ಠದ ಪ್ರಮಾಣವನ್ನು 10,000 ಜನರಿಗೆ ಒಂದಕ್ಕಿಂತ ಕೆಳಗೆ ತಂದಿತು. ಹಾಗೆಂದು ಹೊಸ ರೋಗಿಗಳು ಇಲ್ಲವೆಂದಲ್ಲ. ಮೈಮೇಲೆ ಬಣ್ಣಗೆಟ್ಟ ಮಚ್ಚೆ ಬಂದು, ಅಲ್ಲಿ ಹತ್ತಿಯ ಎಳೆ ಮುಟ್ಟಿಸಿದರೂ ತಿಳಿಯದಿದ್ದರೆ ಅದು ಕುಷ್ಠದ ಮುಖ್ಯ ಸೂಚನೆ. ಅಂಥ ಮಚ್ಚೆ ನೋಯುವುದಿಲ್ಲ, ತುರಿಸುವುದಿಲ್ಲ. ಆದಕಾರಣ ಜನರು ಅದನ್ನು ಕಡೆಗಣಿಸುತ್ತಾರೆ, ಅಥವಾ ಗೊತ್ತಾದೀತೆಂಬ ಅಂಜಿಕೆಯಿಂದ ಮುಚ್ಚಿಡುತ್ತಾರೆ. ಹೀಗೆ ಮುಚ್ಚಿಟ್ಟ ವರ್ಷಗಳಲ್ಲಿಯೇ ನರಗಳು ಕೆಟ್ಟು ಬೆರಳುಗಳು ಮಡಚಿಕೊಳ್ಳುವುದು. ಅಂಗವನ್ನು ಊನಗೊಳಿಸುವುದರಲ್ಲಿ ಬ್ಯಾಕ್ಟೀರಿಯದ ಪಾಲೆಷ್ಟೋ, ನಾಚಿಕೆಯ ಪಾಲೂ ಅಷ್ಟೇ ಇದೆ. ಔಷಧವನ್ನು ಕಂಡುಹಿಡಿಯುವುದು ನಮ್ಮಿಂದಾಗದು. ಆ ನಾಚಿಕೆಯನ್ನು ಕಡಿಮೆ ಮಾಡುವುದು ನಮ್ಮಿಂದಾಗುತ್ತದೆ.

ನಮ್ಮ ಹೊಲದ ಬದುಗಳಲ್ಲಿ ಬೆಳೆದು ನಿಂತಿರುವ ಕಾಂಗ್ರೆಸ್ ಗಿಡವನ್ನು ನೋಡಿರಿ. ಪುಣೆಯ ಸುತ್ತಮುತ್ತ 1950ರ ದಶಕದಲ್ಲಿ ಕಾಣಿಸಿಕೊಂಡ ಈ ಪರದೇಶಿ ಕಳೆಯು ನಾಡನ್ನೆಲ್ಲ ಹಬ್ಬಿತು. ಅದನ್ನು ಕೀಳುವವರಲ್ಲಿ ಕೆಲವರಿಗೆ ಕಣ್ಣರೆಪ್ಪೆ, ಕತ್ತು, ಮೊಳಕೈಗಳಲ್ಲಿ ಉರಿ, ತುರಿ, ದದ್ದು. ಪಾರ್ಥೆನಿನ್ ಎಂಬ ವಸ್ತುವೇ ಇದಕ್ಕೆ ಕಾರಣವೆಂದು 1970ರ ದಶಕದಲ್ಲಿ ನಡೆದ ಸಂಶೋಧನೆಗಳು ತೋರಿಸಿದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಅದರಲ್ಲಿ ದುಡಿದಿದ್ದಾರೆ. ಯಾವ ಕೆಲಸ ಮಾಡಿದ ದಿನ, ಯಾವ ಭಾಗದಲ್ಲಿ ತುರಿ ಎದ್ದಿತೆಂದು ಕಳೆ ಕೀಳುವ ಹೆಣ್ಣುಮಕ್ಕಳನ್ನು ಕೇಳಿದರೆ ಅವರು ತಪ್ಪಿಲ್ಲದೆ ಹೇಳುತ್ತಾರೆ. ಅವರ ಮಾತನ್ನು ಕೇಳಿ ಬರೆದಿಡಲು ವೈದ್ಯಕೀಯ ಪದವಿ ಬೇಕಿಲ್ಲ. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಕ್ಕೆ ಹೋದಾಗ ಒಂದು ನೋಟುಪುಸ್ತಕ ಕೈಯಲ್ಲಿದ್ದರೆ ಸಾಕು. ಒಂದು ನಿಯಮವನ್ನು ಮಾತ್ರ ಮರೆಯಬಾರದು. ಕೇಳುವ ಮೊದಲು ಅವರ ಒಪ್ಪಿಗೆಯನ್ನು ಪಡೆಯಬೇಕು. ಕಾರಿಯ ಪ್ರಕರಣ ಕಲಿಸಿದ ಪಾಠ ಅದು.

ಹಿರೇಕೆರೂರು ಸೀಮೆಯೊಂದಿಗೆ ಸರ್ವಜ್ಞನ ಹೆಸರು ಸೇರಿಕೊಂಡಿದೆ. ಕಂಡಕಂಡವರಿಂದ ಕಲಿತು ದೊಡ್ಡವನಾದವನೆಂದು ಜನರು ಅವನನ್ನು ನೆನೆಯುತ್ತಾರೆ. ಪ್ಯಾರಿಸ್ಸಿನ ವಿದ್ವಾಂಸರಿಗೆ ಸಿಕ್ಕದ ಹುಳು ಹಳ್ಳಿಯ ಹೆಂಗಸರಿಂದ ಕಲಿತ ವಿದ್ಯಾರ್ಥಿಗೆ ಸಿಕ್ಕಿತೆಂಬುದನ್ನು ನೆನೆದಾಗ, ಈ ಮಾತು ವೈದ್ಯಚರಿತ್ರೆಗೂ ಒಪ್ಪುತ್ತದೆಂದು ತೋರುತ್ತದೆ. ಹ್ಯಾನ್ಸನ್, ಹೆಬ್ರಾ, ಫಿನ್ಸೆನ್ ಮೊದಲಾದವರ ಕೀರ್ತಿಯನ್ನು ಕಡಿಮೆಮಾಡುವುದು ಈ ಲೇಖನದ ಆಶಯವಲ್ಲ. ಆ ಕೀರ್ತಿಯ ಪಕ್ಕದಲ್ಲಿ ಆಲಿಸ್ ಬಾಲ್, ಕಾರ್ಟರ್, ಸೆಂಟ್ರಲ್ ಕಾಲೇಜಿನ ಮೂವರು, ಸೂಜಿ ಹಿಡಿದ ಹೆಂಗಸರು ಮತ್ತು ಕಾರಿ ನೀಲ್ಸ್‌ದಾಟರ್ ಅವರಿಗೂ ಸ್ವಲ್ಪ ಸ್ಥಳವಿರಲೆಂಬುದೇ ನನ್ನ ಬಿನ್ನಹ.